ದೂರು ಯಾರ ಕಿವಿಗೆ? ಅಮೆರಿಕದಲ್ಲಿ ವೃದ್ಧರ ಆರೈಕೆಯ ತನಿಖೆ ಬೆಳೆದ ಬಗೆ

ವೃದ್ಧರ ಆರೈಕೆ ಕೇಂದ್ರದ ತಪಾಸಣೆ ಎಂದರೆ ಬಹುಕಾಲ ಕಟ್ಟಡ ಮತ್ತು ಕಡತಗಳ ತಪಾಸಣೆಯೇ ಆಗಿತ್ತು. ಅಮೆರಿಕದಲ್ಲಿ 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮಾ ಯೋಜನೆಗಳು ಬಂದ ಮೇಲೆ, ಸದಾ ಶುಶ್ರೂಷೆ ಬೇಕಾದ ವೃದ್ಧರಿರುವ ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರದ ದುಡ್ಡು ಹರಿದುಬಂತು. ಬೆನ್ನಿಗೇ ದೂರುಗಳೂ ಬಂದವು. ನಿವಾಸಿಗಳ ಪರ ನಿಂತು ವಿಚಾರಿಸುವ ಓಂಬುಡ್ಸ್‌ಮನ್ ವ್ಯವಸ್ಥೆ 1972ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 1978ರಲ್ಲಿ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು.

ಸರ್ಕಾರಿ ಇನ್‌ಸ್ಪೆಕ್ಟರ್‌ಗಳ ಕೈಯಲ್ಲಿದ್ದ ಫಾರಂ ಮಾತ್ರ ಬದಲಾಗಿರಲಿಲ್ಲ. ಕೊಲೊರಾಡೊದ ನಿವಾಸಿಗಳು ಹೂಡಿದ ದಾವೆಯಲ್ಲಿ ಅದರ ಬಣ್ಣ ಬಯಲಾಯಿತು: 541 ಪ್ರಶ್ನೆಗಳಲ್ಲಿ ಆರೈಕೆಗೆ ಅಷ್ಟಿಷ್ಟಾದರೂ ಸಂಬಂಧಿಸಿದವು 30 ಮಾತ್ರ. ಆರೈಕೆಗೆ ಬೇಕಾದ ಅನುಕೂಲ ಇದೆಯೇ ಎಂದು ವಿಚಾರಿಸುತ್ತಿದ್ದರೇ ಹೊರತು, ಆರೈಕೆ ಸಿಕ್ಕಿತೇ ಎಂದಲ್ಲ. ಅದನ್ನು ಖಾತ್ರಿಪಡಿಸಿಕೊಳ್ಳುವುದು ಕೇಂದ್ರ ಸರ್ಕಾರದ ಹೊಣೆ ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 1987ರ ಸುಧಾರಣಾ ಕಾಯ್ದೆ ನಿವಾಸಿಗಳ ಹಕ್ಕುಗಳನ್ನು ಬರೆದಿಟ್ಟು, ಮುನ್ಸೂಚನೆಯಿಲ್ಲದ ತಪಾಸಣೆಯನ್ನು ವಿಧಿಸಿತು.

ಇಷ್ಟರಲ್ಲಿ ಇನ್ನೊಂದು ಬಗೆಯ ವಸತಿ ತಲೆಯೆತ್ತಿತ್ತು. 1980ರ ದಶಕದಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಆರೆಗಾನ್‌ನಲ್ಲಿ ಕಟ್ಟಿದ ‘ಅಸಿಸ್ಟೆಡ್ ಲಿವಿಂಗ್’ ಮಾದರಿಯಲ್ಲಿ ನಿವಾಸಿಗೆ ತನ್ನದೇ ಮನೆ, ತಾನೇ ಬೀಗ ಹಾಕಿಕೊಳ್ಳಬಹುದಾದ ಬಾಗಿಲು. ಇವು ಆಸ್ಪತ್ರೆಯಂತಾಗಬಾರದು ಎಂಬುದೇ ಆಶಯ. ಆದರೆ 1987ರ ಕಾಯ್ದೆಯ ವ್ಯಾಪ್ತಿಗೂ ಇವು ಬರಲಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮವಾಯಿತು. ಪರಿಣಾಮ 2018ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯಲ್ಲಿ ಕಂಡಿತು: ಮೆಡಿಕೇಡ್ ಹಣದಿಂದ ಈ ಸೇವೆ ಕೊಡುವ 48 ರಾಜ್ಯಗಳಲ್ಲಿ 26ಕ್ಕೆ, ಅಲ್ಲಿ ನಡೆದ ಗಂಭೀರ ಘಟನೆಗಳೆಷ್ಟು ಎಂದು ಹೇಳಲಾಗಲಿಲ್ಲ.

ಇಂದು ಒಂದು ದೂರು ಎರಡು ದಾರಿ ಹಿಡಿಯಬಹುದು. ಪರವಾನಗಿ ಇಲಾಖೆ ನಿಯಮ ಮುರಿದಿದೆಯೇ ಎಂದು ನೋಡುತ್ತದೆ. ಔಷಧಿ ಕೊಟ್ಟ ದಾಖಲೆಯನ್ನು ಸಿಬ್ಬಂದಿಯ ಹಾಜರಿಯೊಂದಿಗೆ ತಾಳೆ ಹಾಕುವುದು ಇಲ್ಲಿನ ಹಳೆಯ ಪಟ್ಟು. ರಾತ್ರಿ ಮಾತ್ರೆ ಕೊಟ್ಟೆನೆಂದು ಸಹಿ ಹಾಕಿದಾಕೆ ಅಂದು ರಜೆಯಲ್ಲಿದ್ದರೆ, ಎಲ್ಲ ಸಹಿಗಳೂ ಅನುಮಾನಕ್ಕೆ ಒಳಗಾಗುತ್ತವೆ. ತೂಕದ ಪಟ್ಟಿ, ನಿವಾಸಿಗಳು ಬಿದ್ದದ್ದರ ವರದಿಗಳು, ಬೆನ್ನ ಮೇಲಿನ ಹಾಸಿಗೆ ಹುಣ್ಣು ಇವೂ ಸಾಕ್ಷಿ ಹೇಳುತ್ತವೆ. ಓಂಬುಡ್ಸ್‌ಮನ್‌ಗೆ ದಂಡ ಹಾಕುವ ಅಧಿಕಾರವಿಲ್ಲ. ಆತ ಕೇಳುವುದು, ನಿಮಗೇನಾಗಬೇಕು ಎಂದು. ನಿವಾಸಿಯ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಆಕೆಯ ಹೆಸರು ಹೊರಗೆ ಬಿಡುವಂತಿಲ್ಲ. ದೂರು ಕೊಟ್ಟವಳು ರಾತ್ರಿ ನೀರು ಕೇಳಬೇಕಾದದ್ದು ಅದೇ ಸಿಬ್ಬಂದಿಯನ್ನಲ್ಲವೇ?

ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆಯ ಒತ್ತು ಹೆಚ್ಚಾಗಿ ಮಕ್ಕಳು ಕೊಡಬೇಕಾದ ಜೀವನಾಂಶದ ಮೇಲಿದೆ. ಅಹವಾಲು ಹೇಳಿಕೊಳ್ಳಲು 14567 ಸಹಾಯವಾಣಿ ಇದೆ. ಬೆಂಗಳೂರು, ಮೈಸೂರುಗಳಲ್ಲಿ ಹಣ ತೆತ್ತು ಸೇರುವ ವೃದ್ಧಾಶ್ರಮಗಳಿಗೆ ನಿಯಮ ಬರೆಯುವವರು ಅಮೆರಿಕದಿಂದ ಕಲಿಯಬೇಕಾದದ್ದು ಒಂದಿದೆ: ದಂಡ ಹಾಕುವವರೂ ದೂರುದಾರರ ಪರ ನಿಲ್ಲುವವರೂ ಬೇರೆಬೇರೆ ಇರಬೇಕು, ಮತ್ತು ಇಬ್ಬರೂ ಮೊದಲು ಹೋಗಬೇಕಾದದ್ದು ಮ್ಯಾನೇಜರ್ ಕೋಣೆಗಲ್ಲ, ನಿವಾಸಿಯ ಬಳಿಗೆ.