ಮಾಲ್ಗುಡಿ ರಾಗಕ್ಕೆ ಯಾವ ಭಾಷೆ?

ಬೆಳಗಾವಿ ಪೇಟೆಯಲ್ಲಿ ಅಂಗಡಿ ಬೋರ್ಡು ಯಾವ ಭಾಷೆಯಲ್ಲಿರಬೇಕು ಎಂದೇ ಜಗಳ ಆಗುತ್ತದೆ. ಖಾನಾಪುರದ ಬಸ್ ಹತ್ತಿದರೆ ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಯಾರೂ ‘ಇದು ನಮ್ಮದಲ್ಲ’ ಎನ್ನಲಾಗದ ಟಿವಿ ಹಾಡೊಂದಿದೆ. ‘ಮಾಲ್ಗುಡಿ ಡೇಸ್’ ಶುರುವಾಗುವಾಗ ಬರುವ ರಾಗ. ಅದರಲ್ಲಿ ಮಾತೇ ಇಲ್ಲ.

1980ರ ದಶಕ. ಟಿವಿ ಅಂದರೆ ದೂರದರ್ಶನ. ಕತೆ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದದ್ದು, ಚಿತ್ರೀಕರಣ ಆಗುಂಬೆಯಲ್ಲಿ, ನಾವು ನೋಡಿದ್ದು ಹಿಂದಿಯಲ್ಲಿ. ಪುಟ್ಟ ಸ್ವಾಮಿಯ ಕಿತಾಪತಿಗೆ ನಗಲು ಹಿಂದಿ ಪೂರ್ತಿ ಬರಬೇಕೆಂದೇನೂ ಇರಲಿಲ್ಲ ಬಿಡಿ. ನಿರ್ದೇಶಕ ಶಂಕರ್ ನಾಗ್ ಹೊನ್ನಾವರ ಕಡೆಯವರು. ‘22 ಜೂನ್ 1897’ ಎಂಬ ಮರಾಠಿ ಸಿನಿಮಾ ಬರೆದವರಲ್ಲೂ ಒಬ್ಬರು. ರಾಗ ಕಟ್ಟಿದ್ದು ತಮಿಳು ಸಂಗೀತಗಾರ ಎಲ್. ವೈದ್ಯನಾಥನ್. ಮಾತಿಲ್ಲದ ನಗೆ ಸಿನಿಮಾ ‘ಪುಷ್ಪಕ ವಿಮಾನ’ದ (1987) ಸಂಗೀತವೂ ಅವರದೇ.

ಅಮೆರಿಕದಲ್ಲಿ 1994ರಲ್ಲಿ ‘ಫ್ರೆಂಡ್ಸ್’ ಎಂಬ ನಗೆ ಧಾರಾವಾಹಿ ಬಂತು. ಅದರ ಹಾಡು ಒಂದು ನಿಮಿಷವೂ ಇರಲಿಲ್ಲ. ನ್ಯಾಶ್‌ವಿಲ್‌ನ ರೇಡಿಯೋದವರು ಅದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿ ಹಾಕಿದರು. ಕೇಳುಗರು ಬಿಡಲಿಲ್ಲ. ರೆಂಬ್ರಾಂಟ್ಸ್ ತಂಡ ಪೂರ್ತಿ ಹಾಡನ್ನೇ ಮಾಡಬೇಕಾಯಿತು. 1995ರಲ್ಲಿ ಅದು ರೇಡಿಯೋ ಪಟ್ಟಿಯ ತುದಿಗೇರಿತು. ನಮ್ಮ ಮಾಲ್ಗುಡಿಗೆ ಅಂಥ ಪಟ್ಟಿ ಎಲ್ಲಿತ್ತು? ಬಾಯಿಂದ ಬಾಯಿಗೆ ಹೋಯಿತು. ಮೊಬೈಲ್ ಬಂದ ಮೇಲೆ ರಿಂಗ್‌ಟೋನ್ ಆಯಿತು.

ಶಂಕರ್ ನಾಗ್ 1990ರಲ್ಲಿ ದಾವಣಗೆರೆ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಅವರ ಚಿತ್ರ ಈಗಲೂ ಆಟೋಗಳ ಮೇಲಿದೆ. ವೈದ್ಯನಾಥನ್ ಹೋದದ್ದು 2007ರಲ್ಲಿ. ಆ ರಾಗವನ್ನೇ ರಿಂಗ್‌ಟೋನ್ ಇಟ್ಟುಕೊಂಡ ಎಷ್ಟೋ ಮಂದಿಗೆ ಅವರ ಹೆಸರೇ ಗೊತ್ತಿಲ್ಲ.