ಮೊಯಿರಾ: ಪಾಲು ದೇವತೆಯಾದ ಬಗೆ

ಗ್ರೀಕರ ಪುರಾಣದಲ್ಲಿ ಮಾನವನ ಆಯುಸ್ಸನ್ನು ನಿರ್ಣಯಿಸುವ ಅಧಿಕಾರವು ಮೊಯಿರಾಯ್ ಎಂಬ ಮೂವರು ದೇವಿಯರಿಗೆ ಸೇರಿದುದು. ಇವರಲ್ಲಿ ಕ್ಲೋಥೋ ನೂಲುವವಳು. ಲಾಖೆಸಿಸ್ ಪಾಲು ಹಂಚುವವಳು. ಆಟ್ರೊಪಾಸ್ ಎಂದರೆ ಹಿಂದಿರುಗಿಸಲಾಗದವಳು. ಈ ಕೊನೆಯವಳು ಕತ್ತರಿ ಹಿಡಿದಿರುವ ಚಿತ್ರ ಈಗ ಎಲ್ಲರಿಗೂ ಪರಿಚಿತವಾಗಿದ್ದರೂ ಹೋಮರನಲ್ಲಾಗಲಿ ಹೆಸಿಯಡನಲ್ಲಾಗಲಿ ಆ ಕತ್ತರಿಯ ಸುಳಿವಿಲ್ಲ.

‘ಮೊಯಿರಾ’ ಎಂಬುದನ್ನು ‘ವಿಧಿ’ಯೆಂದು ಕನ್ನಡಿಸುವುದು ವಾಡಿಕೆ. ಆದರೆ ವಿಧಿಯೆಂದರೆ ಕಟ್ಟಳೆ. ಕಟ್ಟಳೆಯಿದ್ದಲ್ಲಿ ಅದನ್ನು ವಿಧಿಸಿದವನೊಬ್ಬನು ಇರಲೇಬೇಕು. ಗ್ರೀಕ್ ಪದದ ಮೂಲಾರ್ಥವಾದರೋ ಕೇವಲ ಪಾಲು. ಭೂಮಿಯ ಪಾಲು, ಕೊಳ್ಳೆಯ ಪಾಲು, ಔತಣದಲ್ಲಿ ಬಡಿಸಿದ ಮಾಂಸದ ಪಾಲು, ಇವೆಲ್ಲವೂ ಹೋಮರನಲ್ಲಿ ಮೊಯಿರಾ ಎನಿಸಿಕೊಳ್ಳುತ್ತವೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವ ನಮ್ಮ ಜನ ಆ ಭಾವಕ್ಕೆ ಪಂಡಿತರಿಗಿಂತ ಸಮೀಪದಲ್ಲಿದ್ದಾರೆ. ಮರಣವು ಪ್ರತಿಯೊಬ್ಬನಿಗೂ ಸಲ್ಲಬೇಕಾದ ಪಾಲು; ಅದನ್ನು ಹಂಚಿದವರು ಯಾರೆಂಬ ಪ್ರಶ್ನೆ ಆಮೇಲಿನದು. ಹೋಮರನಲ್ಲಿ ಮೊಯಿರಾ ಬಹುಮಟ್ಟಿಗೆ ಏಕವಚನದಲ್ಲಿಯೇ ಬರುತ್ತದೆ; ದೇವಿಯರ ಗುಂಪಾಗಿ ‘ಇಲಿಯಡ್’ ಕಾವ್ಯದಲ್ಲಿ ಕಾಣಿಸಿಕೊಳ್ಳುವುದು 24ನೆಯ ಸರ್ಗದಲ್ಲಿ ಒಂದೇ ಒಂದು ಸಲ.

ಹಾಗಾದರೆ ದೇವಾಧಿಪತಿಯಾದ ಜ್ಯೂಸನು ಈ ಪಾಲನ್ನು ಬದಲಿಸಬಲ್ಲನೆ? ಅದೇ ಕಾವ್ಯದ 16ನೆಯ ಸರ್ಗದಲ್ಲಿ ಅವನ ಮಗನೂ ಲಿಸಿಯಾ ದೇಶದ ಅರಸನೂ ಆದ ಸರ್ಪೆಡಾನನು ಪೆಟ್ರೊಕ್ಲಸನ ಕೈಯಲ್ಲಿ ಸಾಯುವ ಸಮಯ ಒದಗುತ್ತದೆ. ಮಗನನ್ನು ಜೀವಸಹಿತ ಎತ್ತಿ ತಾಯ್ನಾಡಿಗೆ ಒಯ್ಯಲೆ ಎಂದು ಜ್ಯೂಸನು ತೊಳಲುತ್ತಾನೆ. ಇಲ್ಲಿ ಹೀರಾದೇವಿಯ ಉತ್ತರ ಬಹು ಮುಖ್ಯವಾದುದು. ‘ನಿನ್ನಿಂದಾಗದು’ ಎಂದು ಆಕೆ ಹೇಳುವುದಿಲ್ಲ. ಬೇಕಾದರೆ ಮಾಡು, ಆದರೆ ಉಳಿದ ದೇವತೆಗಳೆಲ್ಲರೂ ಒಪ್ಪರು, ಟ್ರಾಯ್ ನಗರದ ಸುತ್ತ ಹೋರಾಡುತ್ತಿರುವ ದೇವಪುತ್ರರು ಅನೇಕರಿದ್ದಾರೆ, ನಾಳೆ ಮತ್ತೊಬ್ಬರೂ ತಮ್ಮ ಮಗನನ್ನು ಉಳಿಸಿಕೊಳ್ಳಬಯಸುವರು ಎಂಬುದು ಅವಳ ವಾದದ ಸಾರ. ಜ್ಯೂಸನು ಮಣಿದು ನೆಲದ ಮೇಲೆ ರಕ್ತದ ಹನಿಗಳನ್ನು ಸುರಿಸುತ್ತಾನೆ. ಅವನನ್ನು ತಡೆದದ್ದು ಶಕ್ತಿಯ ಅಭಾವವಲ್ಲ, ಹಂಚಿಕೆ ಕೆಡುವುದೆಂಬ ಅಂಜಿಕೆ ಎಂದೇ ನಮ್ಮ ಅಭಿಪ್ರಾಯ. ವಿಧಿಯ ಮುಂದೆ ದೇವರೂ ಅಸಹಾಯನೆಂದು ಈ ಪ್ರಸಂಗವನ್ನು ವಿವರಿಸುವವರು ಹೀರಾಳ ಮಾತನ್ನು ಗಮನವಿಟ್ಟು ಓದಿದಂತೆ ತೋರುವುದಿಲ್ಲ.

ಸುಮಾರು ಕ್ರಿ. ಪೂ. 700ರ ಹೆಸಿಯಡನು ತನ್ನ ‘ಥಿಯಾಗೊನಿ’ಯಲ್ಲಿ ಈ ದೇವಿಯರಿಗೆ ಎರಡು ವಂಶಗಳನ್ನು ಹೇಳಿರುವುದು ವಿದ್ವಾಂಸರನ್ನು ಬಹಳವಾಗಿ ಕಾಡಿದೆ. ಮೊದಲು ಅವರು ತಂದೆಯಿಲ್ಲದೆ ರಾತ್ರಿಗೆ ಹುಟ್ಟಿದವರು, ಮೃತ್ಯುವಿನ ಒಡಹುಟ್ಟಿದವರು. ಮುಂದೆ ಸುಮಾರು 700 ಪಂಕ್ತಿಗಳು ಕಳೆದ ಮೇಲೆ ಅವರೇ ಜ್ಯೂಸ್ ಮತ್ತು ಥೆಮಿಸರ ಮಕ್ಕಳು. ಸುವ್ಯವಸ್ಥೆ, ನ್ಯಾಯ, ಶಾಂತಿ ಎಂಬವರ ಸೋದರಿಯರು. ಮೊದಲನೆಯ ಕಡೆ ಬರುವ ಹೆಸರುಗಳ ಪಂಕ್ತಿಗಳನ್ನು ಪ್ರಕ್ಷಿಪ್ತವೆಂದು ಹಲವರು ಶಂಕಿಸಿದ್ದಾರೆ. ಆ ಪಂಕ್ತಿಗಳನ್ನು ತೆಗೆದರೂ ತೊಡಕು ತೀರದು. ಏಕೆಂದರೆ ಮೊಯಿರಾಯ್ ಎಂಬ ಹೆಸರು ಹಿಂದಿನ ಪಂಕ್ತಿಯಲ್ಲಿಯೇ ಇದೆ. ಜ್ಯೂಸನ ಆಳ್ವಿಕೆ ಸ್ಥಿರವಾದ ಮೇಲೆ ಹಳೆಯ ಹಂಚಿಕೆಯೇ ಅವನ ಧರ್ಮದೊಳಗೆ ಸೇರಿತೆಂದು ಕವಿಯ ಆಶಯವಿರಬೇಕು.

ಸೇರ್ಪಡೆ ಸುಲಭವಾಗಿ ಮುಗಿಯಲಿಲ್ಲ. ಈಸ್ಕಿಲಸನದೆಂದು ಬಂದಿರುವ ‘ಬಂಧಿತ ಪ್ರಮೀಥ್ಯೂಸ್’ ನಾಟಕದಲ್ಲಿ ಜ್ಯೂಸನೂ ತನ್ನ ಪಾಲಿನಿಂದ ತಪ್ಪಿಸಿಕೊಳ್ಳಲಾರನು. ಪ್ಲೇಟೋ ‘ರಿಪಬ್ಲಿಕ್’ ಗ್ರಂಥದ ಅಂತ್ಯದಲ್ಲಿ ಮೂವರನ್ನೂ ಅನಿವಾರ್ಯತೆಯ ಪುತ್ರಿಯರನ್ನಾಗಿ ಮಾಡಿ, ಬಾಳನ್ನು ಆರಿಸಿಕೊಳ್ಳುವ ಹೊಣೆಯನ್ನು ಆತ್ಮಕ್ಕೇ ವಹಿಸಿದನು.

ಕ್ರಿ. ಶ. 2ನೆಯ ಶತಮಾನದಲ್ಲಿ ಪೌಸಾನಿಯಸ್ ಎಂಬ ಪ್ರವಾಸಿ ಡೆಲ್ಫಿಯ ದೇವಾಲಯದಲ್ಲಿ ಕಂಡದ್ದು ಇಬ್ಬರೇ ಮೊಯಿರಾಯರ ಪ್ರತಿಮೆಗಳನ್ನು. ಮೂರನೆಯವಳ ಸ್ಥಾನದಲ್ಲಿ ‘ಮೊಯಿರಾಯರ ನಾಯಕ’ರೆಂಬ ಬಿರುದಿನ ಜ್ಯೂಸ್ ಮತ್ತು ಅಪೊಲೊ ನಿಂತಿದ್ದರು. ಅಲ್ಲಿಲ್ಲದವಳು ಮೂವರಲ್ಲಿ ಯಾರೆಂಬುದನ್ನು ಆತ ಬರೆದಿಲ್ಲ.