ಪರ್ಫಾರ್ಮೆನ್ಸ್ ಪರೀಕ್ಷೆ ವೇಳೆ ಡೇಟಾಬೇಸ್ ಹ್ಯಾಂಗ್ ಆಯ್ತಾ? ಸರ್ವರ್ ಆಫ್ ಮಾಡುವ ಮುನ್ನ ಇಷ್ಟು ಪರಿಶೀಲಿಸಿ

ಕ್ವೆರಿ ಯಾಕೆ ನಿಧಾನವಾಗಿದೆ ಎಂದು ಪರೀಕ್ಷಿಸಲು ಹೋದಾಗ ಡೇಟಾಬೇಸ್ ಸಾಫ್ಟ್‌ವೇರೇ ಸ್ತಬ್ಧವಾಗುವುದುಂಟು. ಪರದೆ ಅಲುಗಾಡುವುದಿಲ್ಲ, ಉತ್ತರ ಬರುವುದಿಲ್ಲ. ಆಗ ಸರ್ವರ್ ರೀಸ್ಟಾರ್ಟ್ ಮಾಡುವುದು ಸುಲಭದ ದಾರಿ ಎನಿಸಿದರೂ, ಹೆಚ್ಚಿನ ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ.

1990ರಲ್ಲಿ ಆರಂಭವಾದ ತಿರುವನಂತಪುರಂನ ಟೆಕ್ನೋಪಾರ್ಕ್ ಮತ್ತು 2004ರಲ್ಲಿ ಶುರುವಾದ ಕೊಚ್ಚಿಯ ಇನ್ಫೋಪಾರ್ಕ್ ಕೇರಳದ ಐಟಿ ಉದ್ಯಮದ ಎರಡು ದೊಡ್ಡ ಕೇಂದ್ರಗಳು. ಮುಕ್ತ ತಂತ್ರಾಂಶಕ್ಕೂ ಈ ರಾಜ್ಯ ಹೆಸರುವಾಸಿ. ಕೇರಳ ವಿದ್ಯುತ್ ಮಂಡಳಿ ತಾನೇ ಅಭಿವೃದ್ಧಿಪಡಿಸಿದ 'ಒರುಮ' ಬಿಲ್ಲಿಂಗ್ ತಂತ್ರಾಂಶ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತದೆ. ಕಾಸರಗೋಡಿನ ಕನ್ನಡಿಗರ ಮನೆಗಳಿಗೂ ವಿದ್ಯುತ್ ಪೂರೈಸುವುದು ಇದೇ ಮಂಡಳಿ. ಇಂಥ ಯಾವುದೇ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಡೇಟಾಬೇಸ್ ನಿಂತರೆ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ.

ಹ್ಯಾಂಗ್ ಆಗುವುದೇಕೆ?

ಪೋಸ್ಟ್‌ಗ್ರೆಸ್‌ನಲ್ಲಿ 'ಎಕ್ಸ್‌ಪ್ಲೇನ್' ಆದೇಶ ಕೊಟ್ಟರೆ ಕ್ವೆರಿ ಓಡುವುದಿಲ್ಲ, ಅಂದಾಜು ಯೋಜನೆ ಮಾತ್ರ ಸಿಗುತ್ತದೆ. 'ಎಕ್ಸ್‌ಪ್ಲೇನ್ ಅನಲೈಸ್' ಎಂದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಒಂದು ಗಂಟೆ ಹಿಡಿಯುವ ಕ್ವೆರಿಯ ವಿಶ್ಲೇಷಣೆಗೂ ಸುಮಾರು ಅಷ್ಟೇ ಹೊತ್ತು ಬೇಕು. ಪ್ರತಿ ಹಂತದ ಸಮಯವನ್ನೂ ಅಳೆಯುವುದರಿಂದ ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಪ್‌ಡೇಟ್ ಅಥವಾ ಡಿಲೀಟ್ ಕ್ವೆರಿಯನ್ನು ಹೀಗೆ ಪರೀಕ್ಷಿಸಿದರೆ ದತ್ತಾಂಶವೂ ಬದಲಾಗುತ್ತದೆ!

ಏನು ಮಾಡಬೇಕು?

1. ಎರಡನೇ ಕನೆಕ್ಷನ್ ತೆರೆಯಿರಿ: ಅದು ತೆರೆದುಕೊಂಡರೆ ಸರ್ವರ್ ಜೀವಂತವಾಗಿದೆ, ನಿಮ್ಮ ಟೂಲ್ ಕಾಯುತ್ತಿದೆ ಎಂದರ್ಥ. ಕನೆಕ್ಷನ್‌ಗಳ ಮಿತಿ ಮುಗಿದಿದ್ದರೂ ಸೂಪರ್‌ಯೂಸರ್‌ಗಾಗಿ ಸಾಮಾನ್ಯವಾಗಿ 3 ಕನೆಕ್ಷನ್ ಮೀಸಲಿರುತ್ತವೆ.

2. ಯಾರು ಕಾಯುತ್ತಿದ್ದಾರೆ ನೋಡಿ: 'ಪಿಜಿ ಸ್ಟ್ಯಾಟ್ ಆಕ್ಟಿವಿಟಿ' ಪಟ್ಟಿಯಲ್ಲಿ ಪ್ರತಿ ಸೆಷನ್‌ನ ಸ್ಥಿತಿ ಕಾಣುತ್ತದೆ. ಕಾಯುವ ಕಾರಣ 'ಲಾಕ್' ಎಂದಿದ್ದರೆ ಬೇರೊಬ್ಬರು ದಾರಿ ತಡೆದಿದ್ದಾರೆ. ಅದು ಯಾವ ಸೆಷನ್ ಎಂಬುದನ್ನು 'ಪಿಜಿ ಬ್ಲಾಕಿಂಗ್ ಪಿಡ್ಸ್' ಫಂಕ್ಷನ್ ಹೇಳುತ್ತದೆ. ಎಷ್ಟೋ ಬಾರಿ ಟ್ರಾನ್ಸಾಕ್ಷನ್ ಆರಂಭಿಸಿ ಮುಗಿಸದೆ ಎದ್ದುಹೋದವರ ಸೆಷನ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂದು ಅಲ್ಲೇ ಸಿಗುತ್ತದೆ. ಕಾರಣದ ಜಾಗ ಖಾಲಿ ಇದ್ದು ಸ್ಥಿತಿ 'ಆಕ್ಟಿವ್' ಎಂದಿದ್ದರೆ ಕ್ವೆರಿ ಕೆಲಸ ಮಾಡುತ್ತಲೇ ಇದೆ.

3. ಮೆತ್ತಗೆ ನಿಲ್ಲಿಸಿ: ಮೊದಲು 'ಪಿಜಿ ಕ್ಯಾನ್ಸಲ್ ಬ್ಯಾಕೆಂಡ್' ಬಳಸಿ. ಇದು ಆ ಕ್ವೆರಿಯನ್ನು ಮಾತ್ರ ರದ್ದು ಮಾಡುತ್ತದೆ. ಆಗದಿದ್ದರೆ ಇಡೀ ಸೆಷನ್ ಮುಗಿಸುವ 'ಪಿಜಿ ಟರ್ಮಿನೇಟ್ ಬ್ಯಾಕೆಂಡ್' ಇದೆ.

4. 'ಕಿಲ್ ಮೈನಸ್ 9' ಬೇಡ: ಒಂದೇ ಒಂದು ಪ್ರೊಸೆಸ್ ಅನ್ನು ಹೀಗೆ ಕೊಂದರೂ ಪೋಸ್ಟ್‌ಗ್ರೆಸ್ ಎಲ್ಲರ ಕನೆಕ್ಷನ್ ಕಡಿದು ರಿಕವರಿಗೆ ಹೋಗುತ್ತದೆ. ಒಬ್ಬರ ತೊಂದರೆ ಎಲ್ಲರ ತೊಂದರೆಯಾಗುತ್ತದೆ.

ಮತ್ತೆ ಹೀಗಾಗದಿರಲು

* ವಿಶ್ಲೇಷಣೆಗೆ ಮೊದಲು ಆ ಸೆಷನ್‌ಗೆ 'ಸ್ಟೇಟ್‌ಮೆಂಟ್ ಟೈಮ್‌ಔಟ್' ನಿಗದಿಪಡಿಸಿ. ಡೀಫಾಲ್ಟ್ ಮೌಲ್ಯ 0, ಅಂದರೆ ಮಿತಿಯೇ ಇಲ್ಲ.
* ಮೊದಲು ಬರೀ 'ಎಕ್ಸ್‌ಪ್ಲೇನ್' ನೋಡಿ. ಅಳತೆಯ ಹೊರೆ ಹೆಚ್ಚೆನಿಸಿದರೆ 'ಟೈಮಿಂಗ್ ಆಫ್' ಆಯ್ಕೆ ಬಳಸಿ.
* ಅಪ್‌ಡೇಟ್, ಡಿಲೀಟ್ ಪರೀಕ್ಷೆಯನ್ನು 'ಬಿಗಿನ್' ಮತ್ತು 'ರೋಲ್‌ಬ್ಯಾಕ್' ನಡುವೆ ಮಾಡಿ. ರೋಲ್‌ಬ್ಯಾಕ್ ಆಗುವವರೆಗೂ ಆ ಸಾಲುಗಳು ಲಾಕ್ ಆಗಿರುತ್ತವೆ. ಹಾಗಾಗಿ ಕಚೇರಿ ವೇಳೆಯಲ್ಲಿ ಲೈವ್ ಸರ್ವರ್ ಮುಟ್ಟದೆ ಟೆಸ್ಟ್ ಪ್ರತಿಯಲ್ಲಿ ನೋಡುವುದು ಕ್ಷೇಮ.
* ಭಾರೀ ಪ್ರಮಾಣದ ದತ್ತಾಂಶ ತುಂಬಿದ ಬಳಿಕ 'ಅನಲೈಸ್' ಓಡಿಸಿ. ಅಂಕಿಅಂಶ ಹಳೆಯದಾಗಿದ್ದರೆ ಡೇಟಾಬೇಸ್ ತಪ್ಪು ದಾರಿ ಆರಿಸಿಕೊಳ್ಳಬಹುದು.

ಮೈಎಸ್‌ಕ್ಯೂಎಲ್ ಬಳಸುವವರಿಗೂ ಇದೇ ಎಚ್ಚರಿಕೆ ಬೇಕು. 8.0.18 ಆವೃತ್ತಿಯಲ್ಲಿ ಬಂದ 'ಎಕ್ಸ್‌ಪ್ಲೇನ್ ಅನಲೈಸ್' ಅಲ್ಲಿಯೂ ಕ್ವೆರಿಯನ್ನು ಓಡಿಸುತ್ತದೆ. 'ಶೋ ಪ್ರೊಸೆಸ್‌ಲಿಸ್ಟ್' ಮೂಲಕ ಅದನ್ನು ಗುರುತಿಸಿ, 'ಕಿಲ್ ಕ್ವೆರಿ' ಆದೇಶದಿಂದ ನಿಲ್ಲಿಸಬಹುದು.